ಬಾಕ್ಸಿನಲ್ಲಿ ಬರುವ ಸೈಕಲ್, ಉಳಿದ ಶೇಕಡಾ 15: ಒಂದು ಬಹಿರಂಗ ಪತ್ರ

ಆನ್‌ಲೈನಿನಲ್ಲಿ ಸೈಕಲ್ ಮಾರುವ ಎಲ್ಲ ಕಂಪನಿಗಳಿಗೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಅಧಿಕಾರಿಗಳಿಗೆ, ನಮ್ಮ ಉಡುಪಿ ಮಂಗಳೂರಿನ ಸೈಕಲ್ ಅಂಗಡಿಯವರಿಗೆ, ಹಾಗೇ ಮಕ್ಕಳಿಗೆ ಹೊಸ ಸೈಕಲ್ ತರಿಸಿಕೊಡುವ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಉಡುಪಿಯ ಇಂದ್ರಾಳಿಯಲ್ಲಿ ಇರುವವಳು. ಮಗ ಒಂಬತ್ತನೇ ಕ್ಲಾಸು. ಪರೀಕ್ಷೆ ಮುಗಿದ ಮೇಲೆ ಸೈಕಲ್ ತೆಗೆಸಿಕೊಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಅವನಿಗೆ ಬೇಕಾಗಿದ್ದದ್ದು ಗೇರ್ ಇರುವ ಮೌಂಟೇನ್ ಬೈಕ್. ದಪ್ಪ ಟಯರು, ಮುಂದೆ ಸಸ್ಪೆನ್ಷನ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇಬ್ಬರೂ ಕೂತು ಫೋನಿನಲ್ಲಿ ನೋಡಿ ಆರ್ಡರ್ ಮಾಡಿದೆವು. ಒಂದು ವಾರಕ್ಕೆ ಉದ್ದನೆಯ ರಟ್ಟಿನ ಬಾಕ್ಸ್ ಗೇಟಿನ ಹತ್ತಿರ ಬಂದು ಇಳಿಯಿತು. ಒಂದು ಮೂಲೆ ಜಜ್ಜಿ ಹೋಗಿತ್ತು. "ಶೇಕಡಾ 85 ಜೋಡಿಸಲಾಗಿದೆ, ಉಳಿದದ್ದು ಸುಲಭ" ಎಂದು ಮಾರುವ ಪುಟದಲ್ಲಿ ಬರೆದಿದ್ದರು. ಹಾಗಾಗಿ ನಮಗೆ ಭಯವೇನೂ ಆಗಲಿಲ್ಲ.

ಒಳಗೆ ಫ್ರೇಮು, ಅದಕ್ಕೆ ಸಿಕ್ಕಿಸಿದ ಹಿಂದಿನ ಚಕ್ರ, ಗೇರು, ಚೈನು. ಮುಂದಿನ ಚಕ್ರ ಬೇರೆ. ಹ್ಯಾಂಡಲ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ್ದರು. ಸೀಟು ಬೇರೆ, ಪೆಡಲ್ ಬೇರೆ. ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಎಲ್ ಕೀ ಮತ್ತು ತಗಡಿನ ಒಂದು ತೆಳ್ಳಗಿನ ಸ್ಪ್ಯಾನರ್. ಜೊತೆಗೆ ಅಂಗೈಯಗಲದ ಒಂದು ಕಾಗದ, ಅದರಲ್ಲಿ ಇಂಗ್ಲಿಷಿನ ನಾಲ್ಕು ಸಾಲು, ಸ್ಕ್ಯಾನ್ ಮಾಡಲು ಒಂದು ಚೌಕ. ಸ್ಕ್ಯಾನ್ ಮಾಡಿದರೆ ವಿಡಿಯೋ ಬಂತು. ಆದರೆ ಅದರಲ್ಲಿ ತೋರಿಸಿದ್ದು ಬೇರೆ ಮಾಡೆಲ್. ಆದರೂ ಸಂಜೆ ಹೊತ್ತಿಗೆ ನಾನೂ ಮಗನೂ ಸೇರಿ ಜೋಡಿಸಿ ಮುಗಿಸಿದೆವು. ಸೈಕಲ್ ನೋಡಲು ಸೈಕಲ್ಲಿನ ಹಾಗೆಯೇ ಇತ್ತು.

ಎರಡು ದಿನ ಮನೆಯ ಹತ್ತಿರದ ಓಣಿಯಲ್ಲಿ ಓಡಿಸಿದ. ಮೂರನೇ ದಿನ ಮಣಿಪಾಲದ ಗೆಳೆಯನ ಮನೆಗೆ ಹೋದ. ವಾಪಸ್ ಬರುವಾಗ ಟೈಗರ್ ಸರ್ಕಲ್ ಕಡೆಯಿಂದ ಇಂದ್ರಾಳಿಗೆ ಇಳಿಯುವ ರಸ್ತೆ. ಆ ಇಳಿಜಾರು ಇಲ್ಲಿಯವರಿಗೆಲ್ಲ ಗೊತ್ತು, ಬಸ್ಸುಗಳು ಹೇಗೆ ಬರುತ್ತವೆ ಎನ್ನುವುದೂ ಗೊತ್ತು. ಲಕ್ಷ್ಮೀಂದ್ರ ನಗರದ ಹತ್ತಿರ ಮುಂದಿನ ಬ್ರೇಕ್ ಹಿಡಿದಿದ್ದಾನೆ. ಲಿವರ್ ಒಮ್ಮೆಲೇ ಹಗುರವಾಗಿ ಹ್ಯಾಂಡಲ್ಲಿಗೆ ಬಂದು ತಾಗಿದೆ. ಹಿಂದಿನ ಬ್ರೇಕಿಗೆ ಸೈಕಲ್ ನಿಲ್ಲಲಿಲ್ಲ. ಅವನಿಗೆ ಆ ಹೊತ್ತಿಗೆ ಬುದ್ಧಿ ಹೊಳೆದು ರಸ್ತೆ ಬಿಟ್ಟು ಬದಿಯ ಮಣ್ಣಿಗೆ ಇಳಿಸಿದ್ದಾನೆ. ಬಿದ್ದ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಹಿಂದೆ ಬಸ್ ಇರಲಿಲ್ಲ. ಈ ಒಂದು ವಾಕ್ಯ ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಕಂಪನಿಗೆ ಫೋಟೋ ಸಮೇತ ಮೇಲ್ ಮಾಡಿದೆ. "ಜೋಡಣೆ ಗ್ರಾಹಕರ ಜವಾಬ್ದಾರಿ" ಎಂದು ಉತ್ತರ ಬಂತು. ಸೈಕಲ್ ರಿಪೇರಿಗೆ ಹತ್ತಿರದ ಅಂಗಡಿಗೆ ಕೊಂಡುಹೋದರೆ, "ಆನ್‌ಲೈನ್ ಸೈಕಲ್ ನಾವು ಮುಟ್ಟುವುದಿಲ್ಲ" ಅಂದರು. ಕೊನೆಗೆ ಕುಂಜಿಬೆಟ್ಟು ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಒಪ್ಪಿಕೊಂಡರು. ಅವರು ಸೈಕಲನ್ನು ಸ್ಟ್ಯಾಂಡಿಗೆ ಏರಿಸುವ ಮೊದಲೇ ಕೇಳಿದರು: "ಅಕ್ಕ, ಇದು ಫೋರ್ಕ್ ಉಲ್ಟಾ ಉಂಟಲ್ಲ, ಯಾರು ಫಿಟ್ ಮಾಡಿದ್ದು?"

ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲು. ಬಾಕ್ಸಿನಲ್ಲಿ ಜಾಗ ಉಳಿಸಲು ಅದನ್ನು ಹಿಂದಕ್ಕೆ ತಿರುಗಿಸಿ ಇಟ್ಟಿರುತ್ತಾರೆ. ಅದನ್ನು ಮತ್ತೆ ಮುಂದಕ್ಕೆ ತಿರುಗಿಸಬೇಕು ಎಂದು ಆ ಕಾಗದದಲ್ಲಿ ಇರಲಿಲ್ಲ. ನಾವು ಇದ್ದ ಹಾಗೆಯೇ ಹ್ಯಾಂಡಲ್ ಕೂರಿಸಿ ಬಿಗಿ ಮಾಡಿದ್ದೆವು. ಉಲ್ಟಾ ಆದಾಗ ಚಕ್ರ ಪಾದದ ಹತ್ತಿರ ಬರುತ್ತದೆ, ತಿರುಗಿಸುವಾಗ ಬೂಟಿಗೆ ತಾಗುತ್ತದೆ, ಹ್ಯಾಂಡಲ್ಲಿನ ನಡೆಯೇ ಬೇರೆ ಆಗುತ್ತದೆ. ಮಗ ಮೊದಲ ದಿನವೇ "ಅಮ್ಮ, ತಿರುಗಿಸುವಾಗ ಎಂತದೋ ಸರಿ ಇಲ್ಲ" ಅಂದಿದ್ದ. ಹೊಸತು, ಅಭ್ಯಾಸ ಆಗಬೇಕು ಎಂದುಕೊಂಡೆವು. ಗುರುತಿಸುವುದು ಹೇಗೆ ಎಂದು ಅವರೇ ತೋರಿಸಿಕೊಟ್ಟರು. ಸೀಟಿನ ಮೇಲೆ ಕೂತವರ ಎಡಗಡೆ ಡಿಸ್ಕ್, ಅಂದರೆ ಚಕ್ರದ ನಡುವಿನ ಬ್ರೇಕಿನ ತಟ್ಟೆ, ಇರಬೇಕು. ಆ ತಟ್ಟೆಯನ್ನು ಹಿಡಿಯುವ ಕ್ಯಾಲಿಪರ್ ಫೋರ್ಕಿನ ಎಡಗಾಲಿನ ಹಿಂಬದಿಗೆ ಬರಬೇಕು. ಸಸ್ಪೆನ್ಷನ್ ಫೋರ್ಕಿನ ಎರಡು ಕಾಲನ್ನು ಸೇರಿಸುವ ಕಮಾನು ಬಹುಪಾಲು ಸೈಕಲ್‌ಗಳಲ್ಲಿ ಮುಂದುಗಡೆ ಇರುತ್ತದೆ. ನಮ್ಮದರಲ್ಲಿ ಇವು ಮೂರೂ ತಿರುಗಿ ನಿಂತಿದ್ದವು.

ಆಮೇಲೆ ಎಡ ಪೆಡಲ್. ಅದರ ಥ್ರೆಡ್, ಅಂದರೆ ತಿರುಪಿನ ಸುತ್ತು, ಉಲ್ಟಾ. ಬಲ ಪೆಡಲ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾದರೆ ಎಡ ಪೆಡಲ್ ಅದಕ್ಕೆ ವಿರುದ್ಧ ದಿಕ್ಕಿಗೆ ಬಿಗಿಯಾಗುತ್ತದೆ. ತುಳಿಯುತ್ತ ಹೋದಂತೆ ತಾನಾಗಿಯೇ ಬಿಚ್ಚಿಕೊಳ್ಳಬಾರದು ಎಂದು ಹೀಗೆ ಮಾಡಿರುವುದು. ಪೆಡಲ್ಲಿನ ತುದಿಯಲ್ಲಿ ಎಲ್, ಆರ್ ಎಂದು ಸಣ್ಣ ಅಕ್ಷರ ಇರುತ್ತದೆ. ನಾವು ಅಕ್ಷರ ನೋಡಿಯೇ ಹಾಕಿದ್ದೆವು, ಆದರೆ ತಿರುಗಿಸಿದ ದಿಕ್ಕು ತಪ್ಪು. ಸ್ಪ್ಯಾನರಿನಲ್ಲಿ ಬಲ ಹಾಕಿ ಒತ್ತಿದ್ದರಿಂದ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದಿತ್ತು. ಪೆಡಲ್ ಉಕ್ಕು, ಕ್ರ್ಯಾಂಕ್ ಅಲ್ಯೂಮಿನಿಯಂ. ಸೋಲುವುದು ಯಾವಾಗಲೂ ಕ್ರ್ಯಾಂಕೇ.

ಇವೆರಡೂ ನಮ್ಮ ಕೈಯಿಂದ ಆದ ತಪ್ಪು, ಒಪ್ಪುತ್ತೇನೆ. ಆದರೆ ಮಗ ಬಿದ್ದದ್ದು ಇವುಗಳಿಂದ ಅಲ್ಲ. ಬಿದ್ದದ್ದು ಮುಂದಿನ ಬ್ರೇಕಿನಿಂದ.

ಮೆಕ್ಯಾನಿಕ್ ಟಾರ್ಚ್ ಹಿಡಿದು ಆ ಜಾಗ ತೋರಿಸಿದರು. ಕ್ಯಾಲಿಪರಿನ ಮೇಲೆ ಬ್ರೇಕ್ ವಯರನ್ನು ಒತ್ತಿ ಹಿಡಿಯುವ ಒಂದು ಪುಟ್ಟ ಬೋಲ್ಟ್ ಇದೆ. ಅದು ಗಟ್ಟಿಯಾಗಿ ಕಚ್ಚಿದ್ದರೆ ವಯರಿನ ಎಳೆಗಳು ಆ ಜಾಗದಲ್ಲಿ ಚಪ್ಪಟೆಯಾಗಿ ಒಂದು ಗುರುತು ಬೀಳುತ್ತದೆ. ನಮ್ಮ ವಯರಿನಲ್ಲಿ ಆ ಗುರುತು ಇರಲಿಲ್ಲ. ಅದರ ಬದಲು ಒಂದು ಇಂಚಿನಷ್ಟು ಉದ್ದಕ್ಕೆ ಉಜ್ಜಿ ಜಾರಿದ ಹೊಳಪಿನ ಗೆರೆ. ಅವರು ಎಲ್ ಕೀ ಹಾಕಿದರು. ಬೋಲ್ಟ್ ಮುಕ್ಕಾಲು ಸುತ್ತು ಸಲೀಸಾಗಿ ತಿರುಗಿತು.

"ಈ ಬೋಲ್ಟ್ ನೀವು ಮುಟ್ಟಿದ್ದೀರಾ?"

"ಇಲ್ಲ."

"ಹಾಗಾದರೆ ಇದು ಬಂದದ್ದೇ ಹೀಗೆ."

ಕಂಪನಿಯವರೇ, ನನ್ನ ಪತ್ರದ ಮುಖ್ಯ ಮಾತು ಇಲ್ಲಿದೆ. ನೀವು ನಮ್ಮ ತಲೆಗೆ ಹೊರಿಸಿದ ಶೇಕಡಾ 15ರಲ್ಲಿ ಏನೇನು ಬರುತ್ತದೆ ನೋಡಿ. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು. ಮನುಷ್ಯನ ಕೈ, ಕಾಲು, ಮೈ ಸೈಕಲ್ಲಿಗೆ ತಾಗುವ ಜಾಗವೆಲ್ಲ ಇದರಲ್ಲೇ ಇದೆ. ಜೀವ ನಿಂತಿರುವುದು ಇವುಗಳ ಮೇಲೆ. ಲೆಕ್ಕದಲ್ಲಿ 15, ಅಪಾಯದಲ್ಲಿ ಹೆಚ್ಚುಕಡಿಮೆ ಪೂರ್ತಿ. ಇನ್ನು ನೀವೇ ಜೋಡಿಸಿದ ಆ 85ರಲ್ಲಿ ಇದ್ದ ಬೋಲ್ಟನ್ನು ಕಳಿಸುವ ಮೊದಲು ಯಾರೂ ಒಮ್ಮೆ ಬಿಗಿ ಮಾಡಿ ನೋಡಿಲ್ಲ. ಹಾಗಿರುವಾಗ "ಜೋಡಣೆ ಗ್ರಾಹಕರ ಜವಾಬ್ದಾರಿ" ಎಂದು ಹೇಗೆ ಬರೆಯುತ್ತೀರಿ? ಮೇಜು ಕುರ್ಚಿ ಬಾಕ್ಸಿನಲ್ಲಿ ಬಂದರೆ ತಪ್ಪು ಜೋಡಿಸಿದವರ ಮೇಜು ಅಲುಗಾಡುತ್ತದೆ, ಅಷ್ಟೆ. ಇದು ಹದಿನಾಲ್ಕು ವರ್ಷದ ಹುಡುಗ ಹೆದ್ದಾರಿಯಲ್ಲಿ ಓಡಿಸುವ ವಾಹನ.

ನಮ್ಮ ಊರಿನ ರಸ್ತೆಗಳೂ ಹಾಗೆಯೇ. ಇಲ್ಲಿ ಎಲ್ಲಿಗೆ ಹೋದರೂ ಏರು, ಇಳಿತ. ಮಂಗಳೂರಿನಲ್ಲಿ ಕದ್ರಿ ಗುಡ್ಡ, ಲೈಟ್‌ಹೌಸ್ ಹಿಲ್. ಇಲ್ಲಿ ಮಣಿಪಾಲ, ಪರ್ಕಳ. ನನ್ನ ಮಗ ಬಿದ್ದ ಇದೇ 169ಎ ಹೆದ್ದಾರಿ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುತ್ತದೆ, 14 ಹೇರ್‌ಪಿನ್ ತಿರುವು. ರಜೆ ಬಂದರೆ ಹುಡುಗರು ಸೈಕಲ್ ಹಿಡಿದು ಆ ಕಡೆ ಹೊರಡುತ್ತಾರೆ. ಸಮತಟ್ಟಾದ ಊರಿನಲ್ಲಿ ಸಡಿಲ ಬ್ರೇಕ್ ಹೇಗೋ ನಡೆದೀತು. ಇಲ್ಲಿ ನಡೆಯುವುದಿಲ್ಲ.

ಅಪ್ಪ ಅಮ್ಮಂದಿರೇ, ಕಂಪನಿಗಳು ಬದಲಾಗುವ ತನಕ ನಾವು ಸುಮ್ನೆ ಕೂರುವ ಹಾಗಿಲ್ಲ. ಆ ಮೆಕ್ಯಾನಿಕ್ ಅರ್ಧ ದಿನ ನಿಂತು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಗುವನ್ನು ಹತ್ತಿಸುವ ಮೊದಲು ದಯವಿಟ್ಟು ಇಷ್ಟು ನೋಡಿ.

ಮೊದಲು ಬ್ರೇಕ್. ಸೈಕಲ್ ನಿಂತಿರುವಾಗಲೇ ಎರಡೂ ಲಿವರನ್ನು ಒಂದೊಂದಾಗಿ, ನಿಮ್ಮ ದೊಡ್ಡವರ ಕೈಯಿಂದ, ಪೂರ್ತಿ ಬಲ ಹಾಕಿ ಹತ್ತು ಹನ್ನೆರಡು ಸಲ ಹಿಂಡಿ. ವಯರ್ ಜಾರುವುದಿದ್ದರೆ ಮನೆಯ ಅಂಗಳದಲ್ಲೇ ಜಾರಲಿ. ಎಷ್ಟೇ ಹಿಂಡಿದರೂ ಲಿವರ್ ಹ್ಯಾಂಡಲ್ಲಿಗೆ ತಾಗಬಾರದು. ಇದು ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ನಾನು ಕೊಟ್ಟಿದ್ದರೆ ಮಗನ ಕೈಗೆ ಪ್ಲಾಸ್ಟರ್ ಬೀಳುತ್ತಿರಲಿಲ್ಲ. ನಮ್ಮಲ್ಲಿ ಸ್ಕೂಟರಿನ ಹಾಗೆ ಸೈಕಲ್ಲಿಗೂ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ನಿಮ್ಮದರಲ್ಲಿ ಯಾವ ಲಿವರಿಗೆ ಯಾವ ಚಕ್ರ ನಿಲ್ಲುತ್ತದೆ ಎಂದು ಮಗುವಿಗೆ ತೋರಿಸಿಯೇ ಬಿಡಿ.

ಚಕ್ರವನ್ನು ಎತ್ತಿ ತಿರುಗಿಸಿ. ಡಿಸ್ಕ್ ಒಂದು ಕಡೆ ಮಾತ್ರ "ಸ್ಸ್, ಸ್ಸ್" ಎಂದು ಉಜ್ಜಿದರೆ ಸಾಗಾಟದಲ್ಲಿ ಅದು ಬಾಗಿರಬಹುದು. ಪೂರ್ತಿ ಸುತ್ತು ಉಜ್ಜಿದರೆ ಕ್ಯಾಲಿಪರ್ ನೇರ ಕೂತಿಲ್ಲ. ಬಾಗಿದ ಡಿಸ್ಕನ್ನು ಮನೆಯಲ್ಲಿ ಇಕ್ಕಳ ಹಿಡಿದು ಸರಿಮಾಡಲು ಹೋಗಬೇಡಿ. ಇನ್ನೊಂದು ಮಾತು. ಕಡಲ ಕರೆಯ ಊರು ನಮ್ಮದು, ಕಬ್ಬಿಣ ಕಂಡಲ್ಲಿ ತುಕ್ಕು ಬರಬಾರದೆಂದು ಎಣ್ಣೆ ಹಚ್ಚುವ ಅಭ್ಯಾಸ. ಚೈನಿಗೆ ಸೈಕಲ್ಲಿನ ಎಣ್ಣೆ ಹಾಕಿ, ಸೀಟಿನ ಕಂಬಕ್ಕೆ, ಪೆಡಲ್ ಥ್ರೆಡ್ಡಿಗೆ ಗ್ರೀಸ್ ಹಚ್ಚಿ. ಡಿಸ್ಕಿಗೆ ಮಾತ್ರ ಒಂದು ಹನಿಯೂ ಬೇಡ, ಎಣ್ಣೆ ಕೈಯೂ ಬೇಡ. ಡಿಸ್ಕನ್ನು ಒತ್ತುವ ಪ್ಯಾಡ್ ಆ ಎಣ್ಣೆ ಹೀರಿಕೊಂಡರೆ ಮತ್ತೆ ಬ್ರೇಕ್ ಹಿಡಿಯುವುದಿಲ್ಲ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನವೇ ಪೂರ್ತಿ ಹಿಡಿಯುವುದೂ ಇಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಸಮತಟ್ಟಾದ ಜಾಗದಲ್ಲಿ ಸ್ವಲ್ಪ ವೇಗ ತಂದು, ನಿಲ್ಲುವ ಹತ್ತಿರದವರೆಗೆ ಬ್ರೇಕ್ ಹಿಡಿದು, ಬಿಟ್ಟು, ಹೀಗೆ ಒಂದೊಂದು ಬ್ರೇಕಿಗೆ 20 ಸಲವಾದರೂ ಮಾಡಬೇಕಂತೆ. ಆಮೇಲೇ ಇಳಿಜಾರು.

ಹ್ಯಾಂಡಲ್ಲಿಗೆ ಬನ್ನಿ. ಸೈಕಲ್ಲಿನ ಎದುರು ನಿಂತು ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿಯಿರಿ. ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ತಿರುಚಿ. ಚಕ್ರ ಅಲ್ಲೇ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ಹ್ಯಾಂಡಲ್ಲನ್ನು ಫೋರ್ಕಿಗೆ ಸೇರಿಸುವ ಸ್ಟೆಮ್ಮಿನ ಬೋಲ್ಟ್ ಸಡಿಲ. ಹ್ಯಾಂಡಲ್ ಹಿಡಿದಿರುವ ಮುಂದಿನ ತಟ್ಟೆಗೆ ನಾಲ್ಕು ಬೋಲ್ಟ್ ಇರುತ್ತದೆ. ಒಂದನ್ನೇ ಪೂರ್ತಿ ಬಿಗಿ ಮಾಡಬಾರದು, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ, ಮೂಲೆಯಿಂದ ಎದುರು ಮೂಲೆಗೆ. ಮೇಲಿನ ಸಂದು ಕೆಳಗಿನ ಸಂದು ಒಂದೇ ಅಳತೆ ಕಾಣಬೇಕು. ಎಷ್ಟು ಬಿಗಿ ಎನ್ನುವುದನ್ನು ಹಲವು ಸ್ಟೆಮ್ಮುಗಳ ಮೇಲೆಯೇ ಬರೆದಿರುತ್ತಾರೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಸಿಕ್ಕಾಪಟ್ಟೆ ಬಿಗಿ ಮಾಡಿದರೂ ಅಪಾಯವೇ, ಥ್ರೆಡ್ ಹೋಗುತ್ತದೆ. ಆಮೇಲೆ ಮುಂದಿನ ಬ್ರೇಕ್ ಹಿಡಿದುಕೊಂಡು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ಲಿನ ಕೆಳಗೆ "ಟಕ್ ಟಕ್" ಅಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಸಡಿಲ ಇದೆ.

ಚಕ್ರದ ಅಚ್ಚಿಗೆ ಲಿವರ್ ಇದ್ದರೆ ಅದನ್ನು ಮಡಚಿ ಮುಚ್ಚಬೇಕು, ನಟ್ಟಿನ ಹಾಗೆ ಸುತ್ತಿ ಬಿಡುವುದಲ್ಲ. ಮುಚ್ಚುವಾಗ ಅಂಗೈಯಲ್ಲಿ ಆ ಲಿವರಿನ ಗುರುತು ಮೂಡುವಷ್ಟು ಬಿಗಿ ಇರಬೇಕು. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ, ಅದು ಫ್ರೇಮಿನ ಒಳಗೆ ಮುಚ್ಚಿರಬೇಕು. ಮಗ ಎತ್ತರ ಬೆಳೆದಿದ್ದಾನೆಂದು ನಾವು ಗೆರೆ ಕಾಣುವ ತನಕ ಏರಿಸಿದ್ದೆವು. ಗಾಳಿ ಎಷ್ಟು ಎಂದು ಟಯರಿನ ಬದಿಯಲ್ಲೇ ಬರೆದಿರುತ್ತದೆ.

ಪೆಡಲ್ಲನ್ನು ಬೆರಳಿನಿಂದಲೇ ತಿರುಗಿಸಿ ಶುರು ಮಾಡಿ. ನಾಲ್ಕೈದು ಸುತ್ತು ಬೆರಳಿನಲ್ಲಿ ಸಲೀಸಾಗಿ ಹೋಗದಿದ್ದರೆ ಬಿಚ್ಚಿ ಮತ್ತೆ ನೋಡಿ. ಸ್ಪ್ಯಾನರ್ ಕೊನೆಗೆ ಮಾತ್ರ.

ಗೇರ್ ಮಾತ್ರ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಾಕ್ಸ್ ಎಲ್ಲಾದರೂ ಬಲಬದಿಗೆ ಬಿದ್ದಿದ್ದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ತೂಗುವ ಕೊಂಡಿ ಒಳಕ್ಕೆ ಬಾಗಬಹುದು. ಆಗ ಏರಿನಲ್ಲಿ ಕೊನೆಯ ದೊಡ್ಡ ಹಲ್ಲಿನ ಚಕ್ರಕ್ಕೆ ಗೇರ್ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಹಾಕಿಕೊಳ್ಳಬಹುದು. ಹಿಂದಿನಿಂದ ನೋಡಿ, ಅದು ಚಕ್ರಕ್ಕೆ ಸಮಾನಾಂತರ ನೇತಾಡುತ್ತಿದೆಯಾ ಎಂದು. ಇಲ್ಲವಾದರೆ ಓಡಿಸದೆ ಅಂಗಡಿಗೆ ಕೊಂಡುಹೋಗಿ. ಮೊದಲ ತಿಂಗಳು ಕಳೆದ ಮೇಲೆ ಇನ್ನೊಮ್ಮೆ ತೋರಿಸಲೇಬೇಕು. ಹೊಸ ವಯರ್ ಸಡಿಲವಾಗುತ್ತದೆ, ಕಡ್ಡಿಗಳು, ಕ್ರ್ಯಾಂಕಿನ ಬೋಲ್ಟ್ ಒಮ್ಮೆ ಕೂತುಕೊಳ್ಳುತ್ತವೆ. ಕ್ರ್ಯಾಂಕ್ ಸಡಿಲ ಇರುವಾಗ ಓಡಿಸಿದರೆ ಅದರ ಚೌಕದ ತೂತು ತಿಂದು ಹೋಗಿ ಮತ್ತೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಈಗ ಪ್ರಾಧಿಕಾರದ ಅಧಿಕಾರಿಗಳಿಗೆ ನನ್ನ ಮಾತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯನ್ನು ಮಗ ಮಲಗಿದ ಮೇಲೆ ರಾತ್ರಿ ಕೂತು ಓದಿದೆ. ಅದರ 86ನೇ ಸೆಕ್ಷನ್ ಮಾರುವವರ ಹೊಣೆಯನ್ನು ಹೇಳುತ್ತದೆ. ವಸ್ತುವನ್ನು ಜೋಡಿಸುವುದರಲ್ಲಿ, ಪರಿಶೀಲಿಸುವುದರಲ್ಲಿ ತಕ್ಕ ಎಚ್ಚರ ವಹಿಸದೆ ಅದರಿಂದ ಪೆಟ್ಟಾದರೆ, ಅಥವಾ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಕೊಳ್ಳುವವರಿಗೆ ದಾಟಿಸದೆ ಪೆಟ್ಟಾದರೆ ಮಾರಿದವರು ಹೊಣೆ. 84ನೇ ಸೆಕ್ಷನ್ ಪ್ರಕಾರ ಸರಿಯಾದ ಬಳಕೆಯ ಸೂಚನೆ ಕೊಡದ ತಯಾರಕರೂ ಹೊಣೆ. ಸೈಕಲ್ಲಿನ ಸುರಕ್ಷತೆಗಾಗಿ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4210, ಸೈಕಲ್ ಯಾವ ದೇಶಕ್ಕೆ ಹೋಗುತ್ತದೋ ಅಲ್ಲಿನ ಭಾಷೆಯಲ್ಲಿ ಸೂಚನೆಗಳು ಇರಬೇಕು ಎನ್ನುತ್ತದೆ. ನಮ್ಮ ಮನೆಗೆ ಬಂದದ್ದು ಇಂಗ್ಲಿಷಿನ ನಾಲ್ಕು ಸಾಲು, ಬೇರೆ ಮಾಡೆಲ್ಲಿನ ವಿಡಿಯೋ.

ಹಾಗಾಗಿ ಕೇಳುತ್ತೇನೆ. ಬಾಕ್ಸಿನಲ್ಲಿ ಸೈಕಲ್ ಮಾರುವವರು ಆ ಪಿನ್‌ಕೋಡಿನಲ್ಲಿ ಜೋಡಿಸಿಕೊಡುವ ಒಬ್ಬ ಮೆಕ್ಯಾನಿಕ್ ಇದ್ದರೆ ಮಾತ್ರ ಮಾರಲಿ. ಇಲ್ಲವೇ ಊರಿನ ಸೈಕಲ್ ಅಂಗಡಿಯ ಜೊತೆ ಒಪ್ಪಂದ ಮಾಡಿಕೊಂಡು ಅವರ ಕೂಲಿಯನ್ನು ಬೆಲೆಯಲ್ಲೇ ಸೇರಿಸಲಿ. ನಾನಂತೂ ಆ ಹಣವನ್ನು ಖುಷಿಯಿಂದ ಕೊಡುತ್ತಿದ್ದೆ. ಪ್ರತಿ ಬಾಕ್ಸಿನಲ್ಲಿ ಆಯಾ ಮಾಡೆಲ್ಲಿನ ಚಿತ್ರ ಇರುವ ಕನ್ನಡದ ಹಾಳೆ ಇರಲಿ. ಫೋರ್ಕಿನ ಮೇಲೆ "ಈ ಬದಿ ಮುಂದೆ" ಎಂದು ಒಂದು ಚೀಟಿ ಅಂಟಿಸಲು ಎಷ್ಟು ಖರ್ಚು? ಎಡ ಪೆಡಲ್ಲಿಗೆ ಬಾಣದ ಗುರುತಿನ ಒಂದು ಚೀಟಿ? ಕಾರ್ಖಾನೆಯಲ್ಲಿ ಬ್ರೇಕ್ ಬೋಲ್ಟ್ ಬಿಗಿ ಮಾಡಿದವರು ಅದರ ಮೇಲೆ ಬಣ್ಣದ ಒಂದು ಗೆರೆ ಎಳೆಯಲಿ. ಗೆರೆ ಮುರಿದಿದ್ದರೆ ಬೋಲ್ಟ್ ಅಲುಗಿದೆ ಎಂದು ನಮಗೂ ತಿಳಿಯುತ್ತದೆ.

ಅಂಗಡಿಯವರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮಾರುವ ಲಾಭ ಎಲ್ಲೋ ದೂರದವರಿಗೆ, ತಲೆನೋವು ಮಾತ್ರ ನಿಮಗೆ ಅಲ್ವಾ? ಆದರೆ ಬಾಗಿಲಿಗೆ ಬಂದ ಸೈಕಲ್ಲಿನ ಮೇಲೆ ಕೂರುವುದು ನಮ್ಮ ಊರಿನ ಮಗುವೇ. ಜೋಡಣೆಗೆ ಒಂದು ದರ ನಿಗದಿ ಮಾಡಿ, ಬೋರ್ಡ್ ಹಾಕಿ. ಜಾಸ್ತಿ ಅನಿಸಿದರೂ ಜನ ಕೊಡುತ್ತಾರೆ. ವಾಪಸ್ ಕಳಿಸಬೇಡಿ.

ನನ್ನಂತೆ ತೊಂದರೆಯಾದವರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಯಾವ ಊರಿನದ್ದಾದರೂ ಸರಿ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಬಾಕ್ಸ್ ಬಿಚ್ಚುವಾಗಲೇ ವಿಡಿಯೋ ಮಾಡಿಡಿ, ಬಿಲ್ಲು ಎಸೆಯಬೇಡಿ. ಮೆಕ್ಯಾನಿಕ್ ಕಂಡ ದೋಷಗಳನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ನಮಗೆ ಅವರು ತಮ್ಮ ಬಿಲ್ಲಿನ ಹಿಂಬದಿಯಲ್ಲೇ ಬರೆದುಕೊಟ್ಟರು. ಆ ಕಾಗದವನ್ನೂ ಜಾರಿದ ಆ ವಯರನ್ನೂ ತೆಗೆದಿಟ್ಟಿದ್ದೇನೆ.

ಮಗನ ಪ್ಲಾಸ್ಟರ್ ತೆಗೆದು ಹತ್ತು ದಿನ ಆಯಿತು. ಕ್ರ್ಯಾಂಕ್ ಬದಲಾಯಿತು, ಫೋರ್ಕ್ ಮುಂದಕ್ಕೆ ಬಂತು. ನಿನ್ನೆ ಸಂಜೆ ಅವನು ಓಣಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು, ಹತ್ತುವ ಮೊದಲು, ಎರಡೂ ಬ್ರೇಕ್ ಹಿಂಡಿ ಹಿಂಡಿ ನೋಡುತ್ತಿದ್ದ. ಮೆಕ್ಯಾನಿಕ್ ಬಳಿಗೆ ಎರಡನೇ ಸಲ ಹೋಗುವುದು ಮುಂದಿನ ತಿಂಗಳ ಮೊದಲ ಭಾನುವಾರ. ಅಷ್ಟರೊಳಗೆ ಕಂಪನಿಯವರಿಂದಲೂ ಪ್ರಾಧಿಕಾರದವರಿಂದಲೂ ಉತ್ತರ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಬಂದ ಉತ್ತರವನ್ನು ಈ ಪತ್ರದ ಹಾಗೆಯೇ ಎಲ್ಲರಿಗೂ ಓದಲು ಸಿಗುವಂತೆ ಹಾಕುತ್ತೇನೆ.

ಇಂತಿ,
ಒಬ್ಬ ತಾಯಿ
ಇಂದ್ರಾಳಿ, ಉಡುಪಿ